ದೊಡ್ಡವ್ವನ ಕಲ್ಪನಾ

ಪ್ರತಿ ವರ್ಷ ಜುಲೈ 18ರ ಬೆಳಗ್ಗೆ ಐದೂವರೆಗೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂದು ಬೀಳುತ್ತೆ. ಕಪ್ಪು ಬಿಳುಪು ಫೋಟೋ. ದೊಡ್ಡ ತುರುಬು, ಕಣ್ಣಂಚು ದಾಟಿ ಹೋದ ಕಾಡಿಗೆ, ಅರ್ಧ ನಗು. ಕೆಳಗೆ ನಮ್ಮ ದೊಡ್ಡವ್ವನ ಟೈಪಿಂಗು: ‘ಹುಟ್ಟುಹಬ್ಬದ ಶುಭಾಶಯಗಳು’. ಪಕ್ಕದಲ್ಲಿ ಮೂರು ಗುಲಾಬಿ.

ನಾವೆಲ್ಲ ಏಳೋದು ಎಂಟಕ್ಕೆ. ಎದ್ದವರು ಎದ್ದ ಹಾಗೆ ಒಂದೊಂದು ಹೆಬ್ಬೆಟ್ಟು ಒತ್ತಿ ಹಲ್ಲುಜ್ಜೋಕೆ ಹೋಗ್ತೀವಿ. ಮದುವೆಯಾದ ಹೊಸದರಲ್ಲಿ ನನ್ನ ಗಂಡ, ಪುಣೆಯ ಹುಡುಗ, ಪಾಪ, ‘ಹ್ಯಾಪಿ ಬರ್ತ್‌ಡೇ ಆಂಟಿ’ ಅಂತ ಉತ್ತರ ಹಾಕಿ, ಆಮೇಲೆ ನನ್ನ ಕೇಳಿದ್ದ: ‘ಯಾರಿವರು? ಮದುವೆಗೆ ಬಂದಿದ್ರಾ?’

‘ಇಲ್ಲ. ಅವರು ತೀರಿಕೊಂಡು 40 ವರ್ಷ ಆಗ್ತಾ ಬಂತು.’

‘ನಿಮ್ಮ ಕಡೆಯವರಾ?’

ಸ್ವಲ್ಪ ಯೋಚಿಸಿ ‘ಹೌದು’ ಅಂದಿದ್ದೆ. ವಿವರಿಸೋಕೆ ಸೋಮಾರಿತನ, ಅಷ್ಟೇ. ಆ ಉತ್ತರ ಎಷ್ಟು ನಿಜ ಅಂತ ಗೊತ್ತಾಗಿದ್ದು ಆಮೇಲೆ.

ಫೋಟೋದಲ್ಲಿರೋದು ಮಿನುಗುತಾರೆ ಕಲ್ಪನಾ. 1943ರಲ್ಲಿ ಕರಾವಳಿಯಲ್ಲಿ ಹುಟ್ಟಿದವರು. 1963ರಲ್ಲಿ ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ಬೆಳ್ಳಿತೆರೆಗೆ ಬಂದರು. 1967ರ ‘ಬೆಳ್ಳಿಮೋಡ’ದಲ್ಲಿ, ಆಸ್ತಿ ಕೈತಪ್ಪಿತು ಅಂತ ಬಿಟ್ಟುಹೋದ ಹುಡುಗ ವಾಪಸ್ ಬಂದಾಗ ‘ಬೇಡ’ ಅನ್ನುವ ಇಂದಿರಾ ಆಗಿ ಕನ್ನಡದ ಮನೆಮನೆಗೂ ಬಂದರು. ಆಮೇಲೆ ‘ಗೆಜ್ಜೆಪೂಜೆ’, ‘ಶರಪಂಜರ’, ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’. ನಿಮ್ಮಲ್ಲಿ ಹೆಚ್ಚಿನವರಿಗೆ ಅವರು ಗೊತ್ತಿರೋದು ನನಗೆ ಗೊತ್ತಿದ್ದ ಹಾಗೇ ಇರಬೇಕು. ರೆಪ್ಪೆ ಪಟಪಟ ಬಡಿದು, ಮಾತನ್ನು ನಡುಗಿಸಿ ನಡುಗಿಸಿ ಹೇಳುವ ಮಿಮಿಕ್ರಿ ಮಾಡ್ತಾರಲ್ಲ, ಕಾಲೇಜ್ ಡೇಯಲ್ಲಿ, ಟಿವಿಯಲ್ಲಿ, ಈಗ ರೀಲ್ಸ್‌ನಲ್ಲಿ, ಅವರೇ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಇರೋದು ಸಂಕೇಶ್ವರದಲ್ಲಿ, ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಹೋಗೋ ಹೈವೇ ಊರು. ಸಕ್ಕರೆ ಕಾರ್ಖಾನೆ, ಮೆಣಸಿನಕಾಯಿ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಅರ್ಧ ಮರಾಠಿ. ಬೇಸಿಗೆ ರಜೆಗೆ ನಾವು ಮೊಮ್ಮಕ್ಕಳ ದಂಡು ಅಲ್ಲಿಗೆ ಹೋಗ್ತಿದ್ವಿ. ದೊಡ್ಡವ್ವ ಒಂದು ಕೈಗೆ ಗಡಿಯಾರ, ಇನ್ನೊಂದು ಕೈಗೆ ಒಂದೇ ಒಂದು ದಪ್ಪ ಬಳೆ ಹಾಕ್ತಿದ್ದಳು. ಮೊಣಕೈವರೆಗಿನ ತೋಳಿನ ರವಿಕೆ. ತುರುಬು ಮಾತ್ರ ಎತ್ತರಕ್ಕೆ. ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಅದರ ತುಂಬ ಹಳೆಯ ಸಿನಿಮಾ ಪತ್ರಿಕೆಗಳ ಚೂರುಗಳು. ನಾವು ಅವಳ ಬೆನ್ನ ಹಿಂದೆ ರೆಪ್ಪೆ ಬಡಿದು, ಕೈ ಎದೆಗಿಟ್ಟುಕೊಂಡು, ‘ನಾ... ನಾ ಚಹಾ ಕುಡಿಯೂದಿಲ್ಲಾ’ ಅಂತ ನಡುಗಿಸಿ ಬಿದ್ದು ಬಿದ್ದು ನಗ್ತಿದ್ವಿ. ಅವಳು ನೋಡಿಯೂ ನೋಡದ ಹಾಗೆ ಹೋಗ್ತಿದ್ದಳು. ಒಮ್ಮೆ ಮಾತ್ರ ನಮ್ಮಣ್ಣನ ಕಿವಿ ಹಿಂಡಿ ಅಂದಿದ್ದಳು: ‘ಮಾಡೂದಿದ್ರ ನೆಟ್ಟಗ ಮಾಡ. ಆಕಿ ಹಂಗ ಒದರತಿರಲಿಲ್ಲ.’

ನನ್ನ ಮಗಳು ಹುಟ್ಟಿದ್ದು 2022ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ. ಅವ್ವನ ಮೊಣಕಾಲಿನ ಆಪರೇಷನ್ ಆಗಿತ್ತು. ಹಾಗಾಗಿ ಬಾಣಂತನಕ್ಕೆ ದೊಡ್ಡವ್ವ ಬಂದಳು. ರಾತ್ರಿ ಬಸ್ಸಿನಿಂದ ಎರಡು ಚೀಲ ಇಳಿಸಿದಳು. ಒಂದರಲ್ಲಿ ಅಂಟಿನುಂಡಿ, ಅಳವಿ, ಕೊಬ್ಬರಿ, ಲೋಬಾನ. ಇನ್ನೊಂದರಲ್ಲಿ ಸೀರೆ, ಮತ್ತೆ ಆ ಬಿಸ್ಕತ್ತಿನ ಡಬ್ಬಿ.

ನಮ್ಮದು ಒಂಬತ್ತನೇ ಮಹಡಿ. ಮನೆ ನೋಡಲು ಬಂದ ದಿನ ನಾನು ಮರುಳಾಗಿದ್ದೇ ಬಾಲ್ಕನಿಗೆ. ಕೆರೆ ಕಾಣುತ್ತೆ, ಸಂಜೆ ಗಾಳಿ ಬರುತ್ತೆ. ಮಗು ಹುಟ್ಟಿದ ಮೂರನೇ ವಾರದಿಂದ ನನಗೆ ಆ ಬಾಲ್ಕನಿ ಕಂಡರೆ ಆಗುತ್ತಿರಲಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಸುಮ್ಮನೆ ಕೂತಿದ್ದಾಗ ಒಂದು ಯೋಚನೆ ಬರುತ್ತಿತ್ತು: ಮಗುವನ್ನು ಎತ್ತಿಕೊಂಡು ಅಲ್ಲಿ ನಿಂತರೆ ನನ್ನ ಕೈಯೇ ಬಿಟ್ಟುಬಿಟ್ಟರೆ? ಹಾಗೆ ಮಾಡಬೇಕು ಅಂತ ಆಸೆಯಲ್ಲ. ಮಾಡಿಬಿಟ್ಟರೆ ಅನ್ನೋ ಹೆದರಿಕೆ. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಎದೆಹಾಲು ಕುಡಿಸುವಾಗಲೂ ಕಣ್ಣು ಆ ಗಾಜಿನ ಬಾಗಿಲ ಮೇಲೆಯೇ.

ಯಾರಿಗೆ ಹೇಳೋದು? ನಾನು ಕೆಲಸ ಮಾಡುವ ಜಾಗದಲ್ಲಿ ವರ್ಷಕ್ಕೆರಡು ಸಲ ಮಾನಸಿಕ ಆರೋಗ್ಯದ ಬಗ್ಗೆ ವರ್ಕ್‌ಶಾಪ್ ಮಾಡ್ತಾರೆ. ಒಂದು ಸಲ ಅದನ್ನು ನಡೆಸಿಕೊಟ್ಟವಳೇ ನಾನು. ‘ಮಾತಾಡಿ, ಮುಚ್ಚಿಡಬೇಡಿ’ ಅನ್ನೋ ಸ್ಲೈಡು ಮಾಡಿದ್ದೂ ನಾನೇ. ಆದರೆ ‘ನನ್ನ ಮಗುವನ್ನು ಎತ್ತಿಕೊಳ್ಳೋಕೆ ನನಗೆ ಭಯ’ ಅನ್ನೋ ವಾಕ್ಯ ಗಂಡನ ಮುಂದೆಯೂ ಬಾಯಿಗೆ ಬರಲಿಲ್ಲ. ನಾನು ಮಾಡಿದ್ದು ಇಷ್ಟೇ: ಬಾಲ್ಕನಿ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಅಕ್ಕಿ ಡಬ್ಬಿಯೊಳಗೆ ಹುಗಿದೆ.

ಅಕ್ಕಿ ಅಳೆಯೋದು ದೊಡ್ಡವ್ವ. ಸಿಗದೇ ಇರುತ್ತಾ?

ಅವಳು ಎಲ್ಲರ ಮುಂದೆ ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ, ಗಂಡ ಮಲಗಿದ್ದ, ಮಗು ಅವಳ ತೊಡೆ ಮೇಲಿತ್ತು. ‘ಕೀಲಿ ಅಕ್ಯಾಗ ಯಾಕಿಟ್ಟಿ?’ ಅಂದಳು.

ನಾನು ಸುಮ್ಮನಿದ್ದೆ.

‘ನಮ್ಮತ್ತಿ ಚೂರಿ ಹಿಟ್ಟಿನ ಡಬ್ಯಾಗ ಇಡತಿದ್ಲು. ನನಗ ಸಿಗಬಾರದಂತ. ನೀ ನಿನಗ ಸಿಗಬಾರದಂತ ಇಟ್ಟೀಯಲ್ಲ?’

ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ಮಗುವನ್ನು ತಟ್ಟುತ್ತಾ, ನಮ್ಮ ಇಡೀ ಮನೆತನದಲ್ಲಿ ನಮ್ಮ ತಲೆಮಾರಿನ ಯಾರಿಗೂ ಗೊತ್ತಿಲ್ಲದ ಕಥೆ ಹೇಳಿದಳು.

1977ರಲ್ಲಿ ಎರಡನೇ ಹೆರಿಗೆ ಆದಮೇಲೆ ಅವಳಿಗೆ ಬಾಣಂತಿ ಸನ್ನಿ ಆಯಿತು. ನಿದ್ದೆ ಹೋಯಿತು, ಊಟ ಹೋಯಿತು, ಯಾರೋ ಮಾತಾಡಿದ ಹಾಗೆ ಕೇಳಿಸತೊಡಗಿತು, ಕೂಸು ತನ್ನದಲ್ಲ ಅಂದಳು. ಮೊದಲು ದೇವರು, ತಾಯತ. ಆಮೇಲೆ ಧಾರವಾಡದ ದೊಡ್ಡ ಆಸ್ಪತ್ರೆ. ಎರಡೂವರೆ ತಿಂಗಳಲ್ಲಿ ಆರಾಮಾಗಿ ಮನೆಗೆ ಬಂದಳು. ‘ನನಗ ಆರಾಮ ಆಗಿತ್ತು. ಮಂದಿಗಿ ಆಗಿರಲಿಲ್ಲ’ ಅಂದಳು.

ಅತ್ತೆ ಕೂಸನ್ನು ಕೈಗೆ ಕೊಡುತ್ತಿರಲಿಲ್ಲ. ಹಾಲು ಕುಡಿಸುವಾಗ ಯಾರಾದರೂ ಪಕ್ಕದಲ್ಲಿ ಕಾವಲು ಕೂರುತ್ತಿದ್ದರು. ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಿಟ್ಟು ಬಂದರಂತೂ ಮುಗಿಯಿತು, ‘ಮತ್ತ ಶುರುವಾತು’. ಓಣಿಯ ಹೆಂಗಸರು ನೀರಿನ ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಮುಂದಿನ ವರ್ಷ ಊರಿಗೆ ‘ಶರಪಂಜರ’ ಮತ್ತೆ ಬಂತು. ಆ ಸಾಲಿನಲ್ಲೇ ಒಬ್ಬಳು ನಗುತ್ತಾ ಅಂದಳಂತೆ: ‘ನಿನ್ನ ಸಿನಿಮಾ ಬಂದೈತಿ, ನೋಡಾಕ ಹೋಗೂದಿಲ್ಲೇನ?’

ಚುಚ್ಚು ಮಾತು. ದೊಡ್ಡವ್ವ ಹೋದಳು. ನಾದಿನಿಯನ್ನು ಕರೆದುಕೊಂಡು, ಮ್ಯಾಟಿನಿಗೆ.

‘ಶರಪಂಜರ’ ನೋಡಿರದವರಿಗೆ ಎರಡು ಮಾತು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, 70ರ ದಶಕದ ಆರಂಭದ ಸಿನಿಮಾ. ಪ್ರೀತಿಸಿ ಮದುವೆಯಾದ ಕಾವೇರಿಗೆ ಎರಡನೇ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತೆ. ಆಸ್ಪತ್ರೆಗೆ ಸೇರಿ, ಗುಣವಾಗಿ, ಮನೆಗೆ ಬರ್ತಾಳೆ. ಆದರೆ ಅವಳು ಗುಣವಾಗಿದ್ದಾಳೆ ಅಂತ ಒಪ್ಪಿಕೊಳ್ಳೋಕೆ ಯಾರೂ ತಯಾರಿಲ್ಲ. ನೆಂಟರಿಲ್ಲ, ನೆರೆಯವರಿಲ್ಲ, ಗಂಡನೂ ಇಲ್ಲ. ಅವನಿಗೆ ಬೇರೆ ಸಂಬಂಧ ಇದೆ ಅಂತ ಗೊತ್ತಾಗುತ್ತೆ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆಗೇ ಹೋಗ್ತಾಳೆ. ಮನಃಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿ 1963ರಲ್ಲಿ ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಾವೇರಿಯಾಗಿ ಕಲ್ಪನಾ ಬಂದಿದ್ದನ್ನು ಅವರು ನೋಡಲೇ ಇಲ್ಲ.

‘ಅತ್ತಿಯೇನ ಸಿನಿಮಾ ನೋಡಿ?’ ಕೇಳಿದೆ.

‘ಇಲ್ಲ. ನಾದಿನಿ ಅತ್ಲು.’ ದೊಡ್ಡವ್ವ ಮಗುವಿನ ಟೋಪಿ ಸರಿಮಾಡಿದಳು. ‘ನನಗ ಒಂಥರಾ ತಂಪಾತು. ಆಕಿಗೆ ಗೊತ್ತೈತಲ್ಲ ಅನಿಸ್ತು. ಇಷ್ಟ ಚಂದ ಸೀರಿ ಉಟ್ಟಾಕಿ, ಇಷ್ಟ ದೊಡ್ಡಾಕಿ, ಆಕಿಗೂ ಗೊತ್ತೈತಲ್ಲ ಅಂತ. ಮನಿಗೆ ಬಂದ ಮ್ಯಾಲೆ ನಾದಿನಿ ಕೂಸನ್ನ ತಂದು ನನ್ನ ಕೈಯಾಗ ಕೊಟ್ಟು ಹೊರಗ ಹೋದ್ಲು. ಒಬ್ಬಾಕಿನ್ನ ಬಿಟ್ಟು. ಮೊದಲನೇ ಸಲ.’

ಅವತ್ತಿನಿಂದ ಒಂದೇ ಬಳೆ. ಅವತ್ತಿನಿಂದ ತುರುಬು ಎತ್ತರಕ್ಕೆ.

ಮರುದಿನ ರಾತ್ರಿ ಹಾಲು ಕುಡಿಸುವಾಗ ಫೋನಿನಲ್ಲಿ ಸಿನಿಮಾ ಹಾಕಿಕೊಂಡು ಇಬ್ಬರೂ ಕೂತೆವು. ಎರಡು ರಾತ್ರಿ ಹಿಡಿಯಿತು. ನನ್ನ ಮಟ್ಟಿಗೆ ಹೇಳೋದಾದರೆ, ಮಿಮಿಕ್ರಿಯವರು ಕಲ್ಪನಾಗೆ ದೊಡ್ಡ ಅನ್ಯಾಯ ಮಾಡಿದ್ದಾರೆ. ಅವರು ಹಿಡಿದುಕೊಂಡಿದ್ದು ಕೂಗನ್ನು ಮಾತ್ರ. ಹೌದು, ಆ ಕಾಲದ ಅಭಿನಯ ಇವತ್ತಿನ ಕಣ್ಣಿಗೆ ಜೋರು ಅನಿಸುತ್ತೆ, ಸುಳ್ಳಲ್ಲ. ಆದರೆ ಆಸ್ಪತ್ರೆಯಿಂದ ವಾಪಸ್ ಬಂದ ಕಾವೇರಿಯನ್ನು ನೋಡಿ. ಅವಳು ಎಷ್ಟು ನಗಬೇಕು ಅಂತ ಲೆಕ್ಕ ಹಾಕಿ ನಗ್ತಾಳೆ. ಎದುರಿನವರ ಮುಖ ನೋಡಿ ಮಾತು ಅರ್ಧಕ್ಕೆ ನಿಲ್ಲಿಸ್ತಾಳೆ. ಪ್ರೊಬೇಷನ್ನಿನಲ್ಲಿ ಇರೋರು ಬಾಸ್ ಮುಂದೆ ನಗ್ತಾರಲ್ಲ, ಆ ನಗು. ತನ್ನ ಮನೆಯಲ್ಲೇ, ತನ್ನ ಮಕ್ಕಳ ಮುಂದೆಯೇ. ಮಿಮಿಕ್ರಿಯವರು ಕೊನೆಯ ಸ್ಫೋಟವನ್ನು ಅಣಕಿಸ್ತಾರೆ. ಅದಕ್ಕೆ ಮುಂಚಿನ ಅಷ್ಟೂ ಹೊತ್ತು ಅವರು ತಡೆದುಕೊಂಡಿದ್ದನ್ನು ಅಣಕಿಸೋಕೆ ಯಾರಿಂದಲೂ ಆಗಿಲ್ಲ. ನಾನಂತೂ ಆ ದಿನಗಳಲ್ಲಿ ವಿಡಿಯೋ ಕಾಲ್ ಮಾಡಿದವರಿಗೆಲ್ಲ ಹಾಗೇ ಅಳೆದು ಅಳೆದು ನಗ್ತಿದ್ದೆ.

ದೊಡ್ಡವ್ವನಿಗೆ ಪ್ರತಿ ಡೈಲಾಗೂ ಬಾಯಿಪಾಠ. ಆದರೆ ಕೊನೆಯ ಅರ್ಧಗಂಟೆ ಬರುವ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ಲೋಟ ತೊಳೆಯತೊಡಗಿದಳು.

‘ಮುಂದಿಂದು ನೋಡೂದಿಲ್ಲೇನ?’

‘ಒಮ್ಮೆ ನೋಡೀನಿ, ಸಾಕು. ನಾ ಹಂಗ ಆಗಲಿಲ್ಲಲ್ಲ’ ಅಂದಳು. ನಲ್ಲಿ ಬಂದ್ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ‘ನಾಳೆ ಡಾಕ್ಟರ್ ಕಡೆ ಹೋಗೂಣು’ ಅಂದಳು.

ನಾನು ಬೇಡ ಅಂದೆ. ನಿದ್ದೆ ಆದರೆ ಸರಿಹೋಗುತ್ತೆ ಅಂದೆ. ಇನ್ಶೂರೆನ್ಸಿನಲ್ಲಿ ದಾಖಲಾಗುತ್ತೆ ಅಂದೆ. ಮೊದಲ ಸಲ ಅವಳು ನನಗೆ ಬೈದಳು. ‘ನನ್ನ ಕೈಕಾಲ ಹಿಡಕೊಂಡು ಒಯ್ದಿದ್ರು. ನೀ ಕಾರಿನ್ಯಾಗ ಕುಂತು ಹೋಗಾಕ ಅಳತೀ?’

ಹೋದೆವು. ಡಾಕ್ಟರು ಅದರ ಹೆಸರು ಹೇಳಿದರು. ಬಾಣಂತಿಯರಲ್ಲಿ ಇದೇನು ಅಪರೂಪ ಅಲ್ಲ, ಚಿಕಿತ್ಸೆ ಇದೆ, ಇಂಥ ಬೇಡದ ಯೋಚನೆ ಬಂದಿದ್ದಕ್ಕೆ ಹೆದರುವ ತಾಯಂದಿರು ಬಹಳ ಜನ ಇದ್ದಾರೆ ಅಂದರು. ಹಾಲೂಡಿಸುವವರಿಗೆ ಕೊಡಬಹುದಾದ ಮಾತ್ರೆ ಬರೆದರು. ರಾತ್ರಿಯ ಒಂದು ಪಾಳಿ ಗಂಡನದು ಅಂತ ಅವನ ಎದುರಿಗೇ ಹೇಳಿದರು. ದೊಡ್ಡವ್ವನ ಕಾಲದಲ್ಲಿ ಆದದ್ದು ಇದಕ್ಕಿಂತ ತೀವ್ರವಾದ, ಬೇರೆಯೇ ಕಾಯಿಲೆ, ಅದಕ್ಕೂ ಔಷಧಿ ಇದೆ ಅಂತಲೂ ವಿವರಿಸಿದರು. ಅವಳು ಎತ್ತರದ ತುರುಬು, ಒಂದೇ ಬಳೆ ಹಾಕಿಕೊಂಡು ಅವರ ಎದುರು ಕೂತು, ‘ಗೊತ್ತೈತ್ರಿ, ನಾನ ಅದನ್ನ ತಗೊಂಡ ಆರಾಮಾದಾಕಿ’ ಅಂದಳು. ಡಾಕ್ಟರು ಬರೆಯೋದು ನಿಲ್ಲಿಸಿ ಅವಳನ್ನು ನೋಡಿದರು.

ಅವಳು ನಾಲ್ಕು ತಿಂಗಳು ಇದ್ದಳು. ಎರಡನೇ ತಿಂಗಳಲ್ಲಿ ಒಂದು ಸಂಜೆ ಕೀಲಿಯನ್ನು ನನ್ನ ಕೈಗಿಟ್ಟು, ‘ತಗಿ, ಬಟ್ಟಿ ಒಣಗಸಬೇಕು’ ಅಂದಳು. ನಾನು ಬಾಗಿಲು ತೆಗೆದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಬಕೆಟ್ ಎತ್ತಿಕೊಂಡಳು. ಪಕ್ಕದಲ್ಲಿ ನಿಲ್ಲಲಿಲ್ಲ. ಬಟ್ಟೆ ಕೊಡವುತ್ತಾ ಬೆನ್ನು ಮಾಡಿ ನಿಂತಳು. ಆ ಬೆನ್ನನ್ನು ನಾನು ಯಾವತ್ತೂ ಮರೆಯಲ್ಲ.

ಬಿಸ್ಕತ್ತಿನ ಡಬ್ಬಿಯ ಚೂರುಗಳನ್ನು ನೋಡುತ್ತಾ ಒಂದು ಮಧ್ಯಾಹ್ನ ನಾಟಕದ ಮಾತು ಬಂತು. ‘ಶರಪಂಜರ’ದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ಒಟ್ಟಿಗೆ ಸಿನಿಮಾ ಮಾಡಲಿಲ್ಲ. 70ರ ದಶಕ ಮುಗಿಯುತ್ತಾ ಬಂದ ಹಾಗೆ ಹೊಸ ನಾಯಕಿಯರು ಬಂದರು, ಕಲ್ಪನಾಗೆ ಅವಕಾಶಗಳು ಕಡಿಮೆಯಾದವು. ಅವರು ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಗೆ ಬಂದರು, ಗುಡಗೇರಿ ಬಸವರಾಜ ಅವರ ಕಂಪನಿಯ ನಾಟಕಗಳಲ್ಲಿ ಪಾತ್ರ ಮಾಡಿದರು. 1979ರ ಬೇಸಿಗೆಯಲ್ಲಿ ಸಂಕೇಶ್ವರಕ್ಕೂ ಬಂದರು.

ದೊಡ್ಡವ್ವ ನೆಲದ ಟಿಕೆಟ್ ತೆಗೆದುಕೊಂಡು, ಹೆಂಗಸರ ಕಡೆ, ಮುಂದೆ ಹೋಗಿ ಕೂತಿದ್ದಳು. ‘ಸಿನಿಮಾದಾಗ ಗ್ವಾಡಿ ತುಂಬ ಕಾಣತಿದ್ಲು. ಇಲ್ಲಿ ನೋಡಿದ್ರ ಇಷ್ಟ ಇದ್ಲು’ ಅಂತ ತನ್ನ ಭುಜದ ಮಟ್ಟಕ್ಕೆ ಕೈ ತೋರಿಸಿದಳು. ‘ಬೆವರಾ ಕಾಣತಿತ್ತು. ದಣದಿದ್ಲು. ಆದ್ರ ಬಾಯಿ ತಗದ್ಲು ನೋಡು, ಹಿಂದ ಬೀಡಿ ಸೇದಾಂವ ಸೈತ ಸುಮ್ಮನಾದ.’

ನಾಟಕ ಮುಗಿದಮೇಲೆ ದೊಡ್ಡವ್ವ ಮನೆಗೆ ಹೋಗದೆ ಹಿಂದಿನ ಬಾಗಿಲ ಹತ್ತಿರ ನಿಂತಳು. ಕೈಯಲ್ಲಿ ಒಂದು ಗಂಟು. ಮನೆಯಲ್ಲಿ ಯಾರಿಗೂ ಹೇಳದೆ ಮಾಡಿದ್ದ ಶೇಂಗಾ ಹೋಳಿಗೆ, ಹನ್ನೊಂದು. ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡಿದ್ದಳು: ‘ಅಕ್ಕಾ, ನಾ ಆರಾಮಾಗೀನ್ರಿ.’ ಅಷ್ಟೇ. ಆದರೆ ಗಂಡಸರ ನೂಕುನುಗ್ಗಲು. ಕಾರು ಬಂತು, ಸೀರೆಯ ಅಂಚು ಕಂಡ ಹಾಗಾಯಿತು, ಹೋಯಿತು. ನಾಳೆ ನೋಡೋಣ ಅಂತ ವಾಪಸ್ ಬಂದಳು. ಹೋಳಿಗೆಯನ್ನು ತಾನೂ ನಾದಿನಿಯೂ ಹಿತ್ತಲಲ್ಲಿ ಕತ್ತಲಲ್ಲಿ ಕೂತು ತಿಂದರು.

ಆ ನಾಳೆ ಬರಲಿಲ್ಲ. ಆ ಮೇ ತಿಂಗಳಲ್ಲೇ ಪಕ್ಕದ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಕಲ್ಪನಾ ತೀರಿಕೊಂಡರು. 36 ತುಂಬಿರಲಿಲ್ಲ.

ಆ ಸಾವಿನ ಬಗ್ಗೆ ನೂರೆಂಟು ಕಥೆಗಳಿವೆ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಇವತ್ತಿಗೂ ಎರಡು ಹೊಸ ಕಥೆ ಸಿಗುತ್ತವೆ. ದೊಡ್ಡವ್ವನ ಮುಂದೆ ಯಾರಾದರೂ ಶುರು ಮಾಡಿದರೆ ಅವಳು ಎದ್ದು ಹೋಗ್ತಾಳೆ. ಇದನ್ನೆಲ್ಲ ಬರೀಲಾ ಅಂತ ಫೋನಿನಲ್ಲಿ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನನ್ನದು ಬರಿ. ನಿನ್ನದೂ ಬರಿ. ಆಕಿ ಹೆಂಗ ಸತ್ಲು ಅಂತ ಮಾತ್ರ ಬರೀಬ್ಯಾಡ. ಅದನ್ನ ಬರಿಯಾಕ ಮಂದಿ ಅದಾರ.’

ಅವಳಿಗೆ ಉಳಿದಿರೋ ಕೊರಗು ಒಂದೇ. ತನ್ನ ಮಾತಿನಿಂದ ಕಲ್ಪನಾ ಬದುಕುತ್ತಿದ್ದರು ಅಂತೇನೂ ಅವಳು ಅಂದುಕೊಂಡಿಲ್ಲ, ಅಷ್ಟು ಮುಗ್ಧಳಲ್ಲ. ಆದರೆ ಕಾವೇರಿ ಮತ್ತೆ ಆಸ್ಪತ್ರೆಗೆ ಹೋದಳು ಅಂತ ಜಗತ್ತಿಗೆಲ್ಲ ಗೊತ್ತು. ಸಂಕೇಶ್ವರದ ಒಬ್ಬ ಕಾವೇರಿ ಹೋಗಲಿಲ್ಲ, ಇಬ್ಬರು ಮಕ್ಕಳನ್ನು ಬೆಳೆಸಿದಳು, ಬಾಣಂತನ ಮಾಡಿದಳು ಅನ್ನೋದು ಆ ಪಾತ್ರ ಮಾಡಿದವರ ಕಿವಿಗೆ ಬೀಳಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ನಾನೂ ಮಗಳೂ ಅವಳ ಜೊತೆ ಗೋಟೂರಿಗೆ ಹೋದೆವು. ಅವಳು ಪ್ರತಿ ವರ್ಷ ಹೋಗ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಮನೆಯವರೆಲ್ಲ ಅವಳು ಯಾವುದೋ ದೇವರಿಗೆ ನಡೆದುಕೊಳ್ತಾಳೆ ಅಂದುಕೊಂಡಿದ್ದರು. ಹೂವಿಲ್ಲ, ದೀಪವಿಲ್ಲ. ದೂರದಲ್ಲಿ ಎರಡು ನಿಮಿಷ ನಿಂತಳು, ಕೈ ಮುಗಿಯಲಿಲ್ಲ, ಸೆರಗು ಸರಿಮಾಡಿಕೊಂಡಳು. ಆಮೇಲೆ ಬಸ್ಸಿಗೆ ಕಾಯುತ್ತಿದ್ದವರ ಹತ್ತಿರ ಬಂದು ಸ್ಟೀಲ್ ಡಬ್ಬಿ ತೆರೆದಳು. ಶೇಂಗಾ ಹೋಳಿಗೆ, ಹನ್ನೊಂದು.

‘ಏನ ವಿಶೇಷ್ರಿ ಇವತ್ತ?’ ಅಂತ ಒಬ್ಬ ಅಜ್ಜ ಕೇಳಿದ.

‘ನಮ್ಮ ಮನ್ಯಾಕಿ ಒಬ್ಬಾಕಿದು ದಿನಾ ಐತ್ರಿ’ ಅಂದಳು ದೊಡ್ಡವ್ವ.

ಅಜ್ಜ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ. ನನ್ನ ಮಗಳು ಮುಖಕ್ಕೆಲ್ಲ ಮೆತ್ತಿಕೊಂಡು ಅರ್ಧ ತಿಂದು, ಉಳಿದರ್ಧವನ್ನು ದೊಡ್ಡವ್ವನ ಬಾಯಿಗೆ ತುರುಕೋಕೆ ನೋಡಿದಳು. ದೊಡ್ಡವ್ವ ತಿಂದಳು. ಎರಡು ಸಲ ಅಗಿದು, ಮುಖ ಕಿವುಚಿ, ‘ಈ ಸಲ ಬೆಲ್ಲ ಕಡಿಮಿ ಆಗೈತಿ’ ಅಂದಳು.